ಕಾವು ಇದ್ದಿಲಿನದು, ಘಮ ಸೌದೆಯದು

ಹೊಸ ಗ್ರಿಲ್ ತಂದ ಮನೆಗಳಲ್ಲಿ ಮೊದಲ ಭಾನುವಾರದ ಕತೆ ಹೆಚ್ಚುಕಡಿಮೆ ಒಂದೇ. ಮೈಸೂರಿನಿಂದ ತಂದ ಬ್ರಿಕೆಟ್, ಅಂದರೆ ಒತ್ತಿ ಕಟ್ಟಿದ ಇದ್ದಿಲ ಉಂಡೆಗಳ ಚೀಲವನ್ನು ಬಿಚ್ಚುತ್ತಾರೆ. ಉಂಡೆಗಳಿಗೆ ಬೇಗ ಬೆಂಕಿ ಹತ್ತುವುದಿಲ್ಲ. ಯಾರೋ ಸೀಮೆಎಣ್ಣೆಯನ್ನೋ ಡೀಸೆಲನ್ನೋ ತಂದು ಸುರಿಯುತ್ತಾರೆ. ಧಗ್ಗನೆ ಎದ್ದ ಆ ಉರಿಯ ಮೇಲೇ ಕೋಳಿ ಇಡುತ್ತಾರೆ, ಅಂಗಳದ ತುಂಬ ಬಿಳಿ ಹೊಗೆ. ಅರ್ಧ ಗಂಟೆಗೆ ತೊಗಲು ಕರಕಲು, ಮೂಳೆಯ ಪಕ್ಕ ಇನ್ನೂ ಹಸಿ, ಬಾಯಿಗಿಟ್ಟರೆ ಎಣ್ಣೆಯ ವಾಸನೆ. "ಇಷ್ಟು ಹೊಗೆ ಕೊಟ್ಟೆವು, ಹೊಗೆಯ ರುಚಿ ಮಾತ್ರ ಬರಲಿಲ್ಲವಲ್ಲ" ಎಂದು ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಹಲವರು ನನ್ನನ್ನು ಕೇಳಿದ್ದಾರೆ. ಬಂಡೀಪುರದ ದಾರಿಯ ಹೋಂಸ್ಟೇ ನಡೆಸುವವರೂ ಕೇಳಿದ್ದಾರೆ, ಹಬ್ಬಕ್ಕೆ ಬೆಂಗಳೂರಿನಿಂದ ಬಂದು ತೋಟದಲ್ಲಿ ಬೆಂಕಿ ಹಾಕುವ ಹುಡುಗರೂ ಕೇಳಿದ್ದಾರೆ.

ಹೊಗೆ ಹಿಡಿಸುವುದು ನಮಗೆ ಹೊಸದೇನಲ್ಲ. ನಮ್ಮ ದೊಡ್ಡವ್ವ ಉಪ್ಪು, ಅರಿಶಿನ ಸವರಿದ ಮಾಂಸದ ತುಂಡುಗಳನ್ನು ದಾರಕ್ಕೆ ಪೋಣಿಸಿ ಬಿಸಿಲಿಗೆ ಒಣಗಿಸಿ, ಆಮೇಲೆ ಒಲೆಯ ಮೇಲ್ಗಡೆ ನೇತುಹಾಕುತ್ತಿದ್ದಳು. ದಿನವೂ ಏಳುವ ತೆಳು ಹೊಗೆ ಉಪ್ಪುಕಂಡಕ್ಕೆ ತಾನಾಗಿ ಹತ್ತುತ್ತಿತ್ತು. ಸುಡುವ ಕೆಲಸವೇ ಬೇರೆ, ಅದಕ್ಕೆ ಅವಳ ಮಾತು ಇಷ್ಟೇ: "ಉರಿ ಮ್ಯಾಲೆ ಮಡಗ್ಬ್ಯಾಡ ಕಣಪ್ಪ, ಕೆಂಡ ಆಗಗಂಟ ತಡಿ." ನಮಗೆ ಹೊಸದು ಬ್ರಿಕೆಟ್ ಎಂಬ ಉಂಡೆ, ಅದು ಹೆಸರಾದದ್ದು ಅಮೆರಿಕದಲ್ಲಿ. ಅಲ್ಲಿ 1897ರಲ್ಲೇ ಅದಕ್ಕೊಂದು ಪೇಟೆಂಟ್ ಇತ್ತು. 1920ರ ದಶಕದಲ್ಲಿ ಹೆನ್ರಿ ಫೋರ್ಡ್ ಕಾರಿನ ಮರದ ಭಾಗಗಳನ್ನು ಮಾಡಿ ಉಳಿದ ಚೂರುಗಳನ್ನು ಇದ್ದಿಲು ಮಾಡಿಸಿ, ಉಂಡೆ ಕಟ್ಟಿಸಿ ಮಾರಿದ ಮೇಲೆ ಅದು ಮನೆಮನೆಗೆ ಹೋಯಿತು. ನಮ್ಮಲ್ಲಿ ಈಗ ಸಿಗುವ ಉಂಡೆಗಳಲ್ಲಿ ಬಹಳಷ್ಟು ತೆಂಗಿನ ಚಿಪ್ಪಿನವು.

ಉಂಡೆ ಏಕೆ ಘಮ ಕೊಡುವುದಿಲ್ಲ?

ಮರವನ್ನು ಗಾಳಿ ಸಾಲದ ಕಡೆ ಕಾಯಿಸಿದರೆ ಅದು ಉರಿಯುವುದಿಲ್ಲ, ಬೇಯುತ್ತದೆ. ಒಳಗಿನ ನೀರು, ಎಣ್ಣೆ, ಅನಿಲ ಎಲ್ಲ ಆವಿಯಾಗಿ ಹೋಗಿ ಬಹುಪಾಲು ಇಂಗಾಲವೇ ಉಳಿಯುತ್ತದೆ. ಅದೇ ಇದ್ದಿಲು, ನಮ್ಮ ಕಡೆಯ ಬಾಯಲ್ಲಿ ಇಜ್ಜಲು. ಹೊಗೆಯ ಪರಿಮಳ ಹುಟ್ಟುವುದು ಮರದ ಲಿಗ್ನಿನ್ ಎಂಬ ಅಂಶ ಕಾವಿಗೆ ಒಡೆದಾಗ. ಗ್ವಾಯಕಾಲ್, ಸಿರಿಂಗಾಲ್ ಎಂಬ ಪದಾರ್ಥಗಳು ಆಗ ಹೊರಬರುತ್ತವೆ. ಇದ್ದಿಲು ಮಾಡುವಾಗಲೇ ಇವು ಹೊರಟುಹೋಗಿರುತ್ತವೆ. ಹೀಗಾಗಿ ಚೆನ್ನಾಗಿ ಹತ್ತಿದ ಬ್ರಿಕೆಟ್‌ಗೆ ಹೊಗೆಯೇ ಇರುವುದಿಲ್ಲ ಎನ್ನಬಹುದು. ಅದರ ಕೆಲಸ ಸಮನಾದ ಕಾವು ಕೊಡುವುದು, ಅದೂ ಗಂಟೆಗಟ್ಟಲೆ. ಘಮ ಬೇಕಾದರೆ ಕೆಂಡದ ಮೇಲೆ ಒಂದೆರಡು ತುಂಡು ಒಣ ಸೌದೆ ಇಡಬೇಕು. ಈ ಎರಡು ಕೆಲಸಗಳನ್ನು ಮನಸ್ಸಿನಲ್ಲಿ ಬೇರೆ ಮಾಡಿಕೊಂಡರೆ ಅರ್ಧ ತೊಂದರೆ ಅಲ್ಲೇ ತೀರುತ್ತದೆ.

ಹಾಗಾದರೆ ಸಾದಾ ಸೌದೆ ಇದ್ದಿಲು ಸಾಲದೇ? ಸುಡುವುದಕ್ಕೆ ಧಾರಾಳವಾಗಿ ಸಾಕು. ಬೇಗ ಹತ್ತುತ್ತದೆ, ಜೋರು ಕಾವು ಕೊಡುತ್ತದೆ, ಬೂದಿಯೂ ಕಡಿಮೆ. ಆದರೆ ಚೀಲದಲ್ಲಿ ಒಂದು ತುಂಡು ಮುಷ್ಟಿಗಾತ್ರ, ಇನ್ನೊಂದು ಹುಣಸೆಬೀಜದಷ್ಟು. ಕಾವು ಏರುತ್ತ ಇಳಿಯುತ್ತ ಇರುತ್ತದೆ. ನಾಲ್ಕು ಗಂಟೆ ಹದವಾದ ಬಿಸಿಯಲ್ಲಿ ಮಾಂಸ ಇಡಬೇಕೆಂದರೆ ಒಂದೇ ಅಳತೆಯ ಉಂಡೆಗಳೇ ವಾಸಿ. ಎಣಿಸಿ ಇಡಬಹುದು, ಎಣಿಕೆಯ ಮೇಲೆ ಹೊತ್ತು ಅಂದಾಜು ಮಾಡಬಹುದು.

ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು

'ಬ್ರಿಕೆಟ್' ಎಂಬ ಒಂದೇ ಹೆಸರಿನಲ್ಲಿ ನಮ್ಮ ಮಾರುಕಟ್ಟೆಯಲ್ಲಿ ನಾಲ್ಕಾರು ಬೇರೆ ಬೇರೆ ವಸ್ತುಗಳು ಸಿಗುತ್ತವೆ. ಜನ ಮೋಸಹೋಗುವುದು ಇಲ್ಲೇ.

ತೆಂಗಿನ ಚಿಪ್ಪಿನ ಇದ್ದಿಲ ಪುಡಿಗೆ ಗಂಜಿ ಬೆರೆಸಿ ಒತ್ತಿದ ಉಂಡೆ ನನ್ನ ಮೊದಲ ಆಯ್ಕೆ. ಚಿಪ್ಪು ಗಟ್ಟಿ, ಅದರ ಇದ್ದಿಲೂ ಗಟ್ಟಿ. ನಿಧಾನವಾಗಿ ಉರಿಯುತ್ತದೆ, ಬೂದಿ ಕಡಿಮೆ, ತನ್ನದೇ ವಾಸನೆ ಬಿಡುವುದಿಲ್ಲ. ಹತ್ತಲು ಮಾತ್ರ ತಾಳ್ಮೆ ಬೇಕು. ಸೌದೆ ಇದ್ದಿಲ ಪುಡಿಯ ಉಂಡೆಯೂ ಒಳ್ಳೆಯದೇ, ಕಟ್ಟಲು ಬಳಸಿದ್ದು ಮರಗೆಣಸಿನ ಅಥವಾ ಮೆಕ್ಕೆಜೋಳದ ಪಿಷ್ಟವಾಗಿದ್ದರೆ ಸಾಕು.

ಗರಗಸದ ಹೊಟ್ಟು, ಕಡಲೆಕಾಯಿ ಸಿಪ್ಪೆ, ಕಬ್ಬಿನ ಸಿಪ್ಪೆಗಳನ್ನು ಯಂತ್ರದಲ್ಲಿ ಒತ್ತಿ ಕೊರಡಿನಂತೆ ಮಾಡಿದ್ದನ್ನೂ ಬ್ರಿಕೆಟ್ ಎಂದೇ ಮಾರುತ್ತಾರೆ. ಕಂದು ಬಣ್ಣದ ಆ ಕೊರಡುಗಳು ಕಾರ್ಖಾನೆಯ ಬಾಯ್ಲರ್‌ಗಳಿಗೆ ಸರಿ. ಅವು ಇದ್ದಿಲೇ ಅಲ್ಲ, ಹಸಿ ಸೌದೆಯ ಸಂಬಂಧಿಗಳು. ಉರಿ ಏಳುತ್ತದೆ, ದಟ್ಟ ಹೊಗೆ ಬರುತ್ತದೆ. ಅಡುಗೆ ಗ್ರಿಲ್‌ಗೆ ಬೇಡ. ಕಾಡಿನಲ್ಲಿ ಹಬ್ಬಿರುವ ಲಂಟಾನ ಸುಡಬಹುದೇ ಎಂದೂ ಕೆಲವರು ಕೇಳುತ್ತಾರೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡುತ್ತಾರೆ, ಅದು ಅದಕ್ಕೆ ಒಳ್ಳೆಯ ಬಳಕೆ. ಆದರೆ ಆ ಗಿಡದ ಎಲೆ ತಿಂದ ದನಗಳಿಗೆ ವಿಷವೇರುತ್ತದೆ. ಹಸಿ ಲಂಟಾನವನ್ನು ಮಾಂಸದ ಕೆಳಗೆ ಹಾಕಬೇಡಿ.

ಕುಲುಮೆಗೆ ತರುವ ಕಲ್ಲಿದ್ದಲು, ಲಿಗ್ನೈಟ್ ಉಂಡೆ ಯಾವುದೂ ಆಹಾರಕ್ಕೆ ಬೇಡ. ಅವುಗಳಲ್ಲಿ ಗಂಧಕ ಇರುತ್ತದೆ. ಬೆಂಕಿಕಡ್ಡಿ ಗೀರಿದ ಕೂಡಲೇ ಚಿಟಪಟ ಹತ್ತಿಕೊಳ್ಳುವ ಹುಕ್ಕಾ ಬಿಲ್ಲೆಗಳನ್ನೂ ಬಿಡಿ, ಅವಕ್ಕೆ ಹತ್ತಿಸುವ ಉಪ್ಪು ಬೆರೆಸಿರುತ್ತಾರೆ. ಹುಕ್ಕಾಕ್ಕೆಂದೇ ಮಾಡಿದ ತೆಂಗಿನ ಚಿಪ್ಪಿನ ಘನಗಳು ಬೇರೆ. ಹತ್ತಿಸುವ ಪದಾರ್ಥ ಇಲ್ಲದವಾದರೆ ಅವು ಚೆನ್ನಾಗಿಯೇ ಉರಿಯುತ್ತವೆ, ಬೆಲೆ ಮಾತ್ರ ಜಾಸ್ತಿ.

ಚೀಲದ ಮೇಲಿನ ಹೊಗಳಿಕೆಯನ್ನು ನಂಬುವ ಬದಲು ಮೊದಲು ಒಂದು ಸಣ್ಣ ಚೀಲ ತಂದು ಮನೆಯಲ್ಲಿ ಪರೀಕ್ಷೆ ಮಾಡಿ.

1. ಉಂಡೆಯನ್ನು ಮೂಸಿ. ಸೀಮೆಎಣ್ಣೆ, ಡಾಂಬರು, ಬಣ್ಣದ ವಾಸನೆ ಬಂದರೆ ಹಿಂದಿರುಗಿಸಿ.

2. ಎರಡು ಉಂಡೆಗಳನ್ನು ಒಂದಕ್ಕೊಂದು ಬಡಿಯಿರಿ. ಟಣ್ ಎಂದರೆ ಒಣಗಿದೆ. ಸದ್ದು ಮಂಕಾಗಿದ್ದರೆ, ಅಂಚು ಉದುರಿದರೆ ತೇವ ಇದೆ ಅಥವಾ ಕಟ್ಟು ಸಡಿಲ.

3. ಅಡುಗೆಮನೆಯ ತಕ್ಕಡಿಯಲ್ಲಿ 100 ಗ್ರಾಂ ತೂಗಿ, ಒಂದು ಕಬ್ಬಿಣದ ತಟ್ಟೆಯಲ್ಲಿ ಪೂರ್ತಿ ಉರಿಸಿ, ಆರಿದ ಮೇಲೆ ಬೂದಿ ತೂಗಿ. ಐದಾರು ಗ್ರಾಂ ಉಳಿದರೆ ಒಳ್ಳೆಯ ಮಾಲು. 20 ಗ್ರಾಂ ದಾಟಿದರೆ ನೀವು ಕೊಂಡದ್ದರಲ್ಲಿ ಸುಣ್ಣಕಲ್ಲಿನ ಪುಡಿಯೋ ಮಣ್ಣೋ ಸೇರಿರಬಹುದು. ಬೂದಿ ಕೆಂಪಗೆ ಮರಳು ಮರಳಾಗಿದ್ದರೆ ಮಣ್ಣೇ. ಬೂದಿ ಹೆಚ್ಚಾದಷ್ಟೂ ಕೆಳಗಿನ ಗಾಳಿಕಿಂಡಿ ಬೇಗ ಮುಚ್ಚಿಹೋಗಿ ಬೆಂಕಿ ಸಾಯುತ್ತದೆ. ಈ ಒಂದು ಪರೀಕ್ಷೆಯಲ್ಲಿ ತಿಳಿಯುವಷ್ಟು ಬೇರೆ ಯಾವುದರಲ್ಲೂ ತಿಳಿಯುವುದಿಲ್ಲ.

ತೆಂಗಿನ ತೋಟ ಇರುವವರು ಉಂಡೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಒಣ ಚಿಪ್ಪುಗಳನ್ನು ಕಬ್ಬಿಣದ ಡ್ರಮ್ಮಿನಲ್ಲಿ ಹತ್ತಿಸಿ, ಹಳದಿ ಹೊಗೆ ಹೋಗಿ ತೆಳುವಾದಾಗ ಮುಚ್ಚಳ ಬಿಗಿದು ಮಣ್ಣು ಮೆತ್ತಿ ರಾತ್ರಿಯಿಡೀ ಬಿಡಿ. 100 ಕಿಲೋ ಚಿಪ್ಪಿಗೆ ಹೆಚ್ಚೆಂದರೆ 30 ಕಿಲೋ ಇದ್ದಿಲು ಬಂದೀತು. ಕುಟ್ಟಿ ಜರಡಿ ಹಿಡಿದ 10 ಪಾಲು ಪುಡಿಗೆ 1 ಪಾಲು ಮೈದಾ ಅಥವಾ ಮರಗೆಣಸಿನ ಹಿಟ್ಟನ್ನು ಗಂಜಿ ಕಾಯಿಸಿ ಕಲಸಿ, ಒತ್ತಿ ಉಂಡೆ ಕಟ್ಟಿ, ನಾಲ್ಕೈದು ದಿನ ಬಿಸಿಲಿಗೆ ಹಾಕಿ. ಒಳಗಿನ ತನಕ ಒಣಗದ ಉಂಡೆ ಬೆಂಕಿಯಲ್ಲಿ ಸಿಡಿಯುತ್ತದೆ. ಡ್ರಮ್ಮು ಹಿಂದೆ ಕೀಟನಾಶಕ ತುಂಬಿದ್ದಾಗಿರಬಾರದು. ನಮ್ಮ ಹೊಲಗಳ ಬದುಗಳಲ್ಲಿ ಅಂಥವೇ ಹೆಚ್ಚು ಬಿದ್ದಿರುತ್ತವೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಘಮಕ್ಕೆ ಯಾವ ಸೌದೆ?

ಸೀಬೆ, ಮಾವು, ಹಲಸು, ಹುಣಸೆ ಇವು ನಮ್ಮ ಹಿತ್ತಿಲಲ್ಲೇ ಇವೆ. ಸೀಬೆಯದು ಮೃದು, ಸಿಹಿ ಬೆರೆತ ಹೊಗೆ, ಕೋಳಿಗೆ ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಬಿಳಿಗಿರಿರಂಗನ ಬೆಟ್ಟದ ಕಡೆ ಕಾಫಿ ತೋಟ ಇರುವ ನೆಂಟರಿದ್ದರೆ ಸವರಿದ ಹಳೆ ಕಾಫಿ ಗಿಡದ ಬೊಡ್ಡೆ ಕೇಳಿ ತನ್ನಿ, ಕುರಿ ಮಾಂಸಕ್ಕೆ ಒಪ್ಪುತ್ತದೆ. ಅಮೆರಿಕದವರು ಹೊಗಳುವ ಮೆಸ್ಕೀಟ್ ಮರ ನಮ್ಮ ಬಳ್ಳಾರಿ ಜಾಲಿಯ ದಾಯಾದಿ. ಕೆರೆ ಅಂಗಳದಲ್ಲಿ ಬೇಡ ಬೇಡವೆಂದರೂ ಬೆಳೆಯುವ ಮರ ಅದು. ಅದರ ಹೊಗೆ ಖಾರ, ಸ್ವಲ್ಪವೇ ಸಾಕು.

ಕಣಗಿಲೆ ವಿಷ, ಅದರ ಒಂದು ಕಡ್ಡಿಯೂ ಬೆಂಕಿಯ ಹತ್ತಿರ ಬರಬಾರದು. ನೀಲಗಿರಿ ಎಣ್ಣೆ ಬಿಡುತ್ತದೆ, ಬೇವು ಕಹಿ. ಪ್ಲೈವುಡ್, ಬಣ್ಣ ಬಳಿದ ಹಲಗೆ, ಹಳೆ ಬಾಗಿಲ ಚೂರು ಬೇಡವೇ ಬೇಡ. ಸೌದೆ ಕನಿಷ್ಠ ಆರು ತಿಂಗಳು ಒಣಗಿರಲಿ. ಚಕ್ಕೆಯನ್ನು ನೀರಲ್ಲಿ ನೆನೆಸಿಡಬೇಕೆಂಬ ಮಾತು ಎಲ್ಲ ಕಡೆ ಕೇಳುತ್ತೀರಿ. ನೆನೆದ ಮರದಿಂದ ಮೊದಲು ಏಳುವುದು ಬರೀ ಹಬೆ, ಕೆಂಡದ ಕಾವೂ ಕುಸಿಯುತ್ತದೆ. ಒಣ ತುಂಡನ್ನೇ ಇಡಿ, ಚಕ್ಕೆಗಿಂತ ಮುಷ್ಟಿಗಾತ್ರದ್ದು ನಿಧಾನವಾಗಿ ಹೊಗೆಯುತ್ತದೆ.

ಇನ್ನೊಂದು ಮಾತು. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ ಎಲ್ಲ ಸಂರಕ್ಷಿತ ಕಾಡು. ಕಾಡಂಚಿಗೆ ವಾಹನ ನಿಲ್ಲಿಸಿ ಒಣ ಕೊಂಬೆ ಆಯ್ದು ತರುವುದೂ ಅಪರಾಧವೇ. ನಮ್ಮ ಹಿತ್ತಿಲ ಮರ ಸವರಿದ್ದು ಸಾಕು.

ಬೆಂಕಿ ಹೂಡುವ ಕ್ರಮ

ಬೇಕಾದ್ದು ಮುಚ್ಚಳವಿರುವ ಗ್ರಿಲ್, ಕೆಳಗೊಂದು ಮೇಲೊಂದು ಗಾಳಿಕಿಂಡಿ, ಉದ್ದ ಇಕ್ಕಳ, ಒಂದು ಅಲ್ಯೂಮಿನಿಯಂ ತಟ್ಟೆ, ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಒಂದು, ಜಾಲರಿಯ ಮೇಲಿಡುವುದು ಇನ್ನೊಂದು. ಹಣ ಉಳಿಸಬೇಕಾದರೆ ಗ್ರಿಲ್‌ನಲ್ಲಿ ಉಳಿಸಿ, ಥರ್ಮಾಮೀಟರ್‌ನಲ್ಲಿ ಬೇಡ. ಸತುವು ಲೇಪಿಸಿದ ಬಕೆಟ್, ಜಿಂಕ್ ತಗಡುಗಳನ್ನು ಒಲೆ ಮಾಡಬೇಡಿ. ಕಾದ ಸತುವಿನ ಹೊಗೆ ಕುಡಿದರೆ ಮೈ ನಡುಗಿ ಜ್ವರ ಬರುತ್ತದೆ.

1. ಹತ್ತಿಸುವುದಕ್ಕೆ ಅಡುಗೆ ಎಣ್ಣೆಯ 15 ಕಿಲೋ ಡಬ್ಬ ಸಾಕು. ಮೇಲಿನ ತಗಡು ಕತ್ತರಿಸಿ ತೆಗೆದು, ಬುಡದಲ್ಲೂ ಬುಡದ ಸುತ್ತಲೂ ತೂತು ಹೊಡೆಯಿರಿ. ಮೊದಲ ಸಲ ಬಯಲಲ್ಲಿ ಬರೀ ಸೌದೆ ಹಾಕಿ ಸುಟ್ಟು ಬಣ್ಣವೆಲ್ಲ ಹೋಗಲಿ. ಆಮೇಲೆ ಮೂರು ಕಲ್ಲಿನ ಮೇಲಿಟ್ಟು, ಒಳಗೆ ತೆಂಗಿನ ನಾರು, ಕಾಗದ, ಅದರ ಮೇಲೆ 12ರಿಂದ 15 ಉಂಡೆ. ಕಾವು ಮೇಲಕ್ಕೇರುತ್ತ ತಾನೇ ಗಾಳಿ ಎಳೆದುಕೊಳ್ಳುತ್ತದೆ, ಊದುಗೊಳವೆಯೂ ಬೇಡ, ಎಣ್ಣೆಯೂ ಬೇಡ. 20 ನಿಮಿಷಕ್ಕೆ, ಚಿಪ್ಪಿನ ಉಂಡೆಯಾದರೆ ಅರ್ಧ ಗಂಟೆಗೆ, ಅಂಚಿಗೆ ಬಿಳಿ ಬೂದಿ ಕಟ್ಟುತ್ತದೆ.

2. ಅಷ್ಟರಲ್ಲಿ ಗ್ರಿಲ್‌ನ ಅಂಚಿನಲ್ಲಿ ಹತ್ತಿಸದ ಉಂಡೆಗಳನ್ನು ಹಾವಿನಂತೆ ಸಾಲಾಗಿ ಜೋಡಿಸಿ: ಕೆಳಗೆ ಎರಡು ಸಾಲು, ಅವುಗಳ ಮೇಲೆ ಒಂದು ಸಾಲು, ಒಂದಕ್ಕೊಂದು ತಾಗಿರಲಿ. ಸುತ್ತು ಪೂರ್ತಿ ಮಾಡಬೇಡಿ. ತಲೆ ಬಾಲ ಸೇರಿದರೆ ಬೆಂಕಿ ಎರಡೂ ಕಡೆಯಿಂದ ಓಡುತ್ತದೆ. ಸುಮಾರು 25 ಗ್ರಾಂ ತೂಗುವ 60 ಉಂಡೆಗಳ ಸಾಲು ನನಗೆ ಮೂರು–ನಾಲ್ಕು ಗಂಟೆ ಬರುತ್ತದೆ.

3. ಮಧ್ಯದ ಖಾಲಿ ಜಾಗದಲ್ಲಿ ಬಿಸಿನೀರು ತುಂಬಿದ ತಟ್ಟೆ ಇಡಿ. ಕೊಬ್ಬು ಕೆಂಡಕ್ಕೆ ಬೀಳದೆ ಅದರಲ್ಲಿ ಬೀಳುತ್ತದೆ. ಕೆಂಡದ ಮೇಲೆ ಸುಟ್ಟ ಕೊಬ್ಬಿನ ಮಸಿ ನಾಲಿಗೆಗೆ ಕಹಿ, ದೇಹಕ್ಕೂ ಕೆಡುಕು.

4. ಕೆಂಡವಾದ ಉಂಡೆಗಳನ್ನು ಸಾಲಿನ ಒಂದು ತುದಿಗೆ ಮಾತ್ರ ಇಡಿ. ಮೊದಲ ಒಂದು ಗಂಟೆಯ ಹಾದಿಯಲ್ಲಿ ಎರಡು ಮೂರು ಸೌದೆ ತುಂಡು ಸಾಲಿನ ಮೇಲಿಡಿ.

5. ಮುಚ್ಚಳ ಹಾಕಿ, ಮೇಲಿನ ಕಿಂಡಿ ಪೂರ್ತಿ ತೆರೆಯಿರಿ, ಅದು ಮಾಂಸ ಇಡುವ ಜಾಗದ ನೇರ ಮೇಲೆ ಬರಲಿ. ಕಾವನ್ನು ಕೆಳಗಿನ ಕಿಂಡಿಯಿಂದಲೇ ಹಿಡಿತಕ್ಕೆ ತನ್ನಿ. 110ರಿಂದ 130 ಡಿಗ್ರಿ ಸೆಲ್ಸಿಯಸ್ ಸರಿಯಾದ ಹದ. ಗುರಿಗೆ ಇನ್ನೂ 15 ಡಿಗ್ರಿ ಬಾಕಿ ಇರುವಾಗಲೇ ಕಿಂಡಿ ಕಿರಿದು ಮಾಡಿ, ಏರಿದ ಕಾವನ್ನು ಇಳಿಸುವುದು ಕಷ್ಟ.

6. ಮಾಂಸ ಇಡುವ ಮೊದಲು ಹೊಗೆ ನೋಡಿ. ಹಾಲಿನಂತೆ ಬಿಳಿಯಾಗಿ ಸುರುಳಿ ಸುರುಳಿಯಾಗಿ ಬರುತ್ತಿದ್ದರೆ ಇನ್ನೂ ಕಾಯಿರಿ. ಗಾಳಿ ಸಾಲದೆ ಅರೆಬೆಂದ ಹೊಗೆ ಅದು, ಕಹಿ ಹತ್ತುತ್ತದೆ. ಇದೆಯೋ ಇಲ್ಲವೋ ಎನ್ನುವಷ್ಟು ತೆಳು ನೀಲಿಗೆ ತಿರುಗಿದಾಗ ಇಡಿ.

ಯಾವುದಕ್ಕೆ ಎಷ್ಟು ಹೊತ್ತು

ಒಂದೂವರೆ ಕಿಲೋ ಫಾರಂ ಕೋಳಿ ಇಡಿಯಾಗಿ 130 ಡಿಗ್ರಿಯಲ್ಲಿ ಎರಡರಿಂದ ಎರಡೂವರೆ ಗಂಟೆ. ತೊಡೆಯ ದಪ್ಪ ಭಾಗದಲ್ಲಿ, ಮೂಳೆಗೆ ತಾಗದಂತೆ ಚುಚ್ಚಿದಾಗ 75 ಡಿಗ್ರಿ ತೋರಿಸಬೇಕು. ಗಡಿಯಾರಕ್ಕಿಂತ ಈ ಅಂಕಿಯೇ ಮುಖ್ಯ. ಹೊರ ಅಂಚಿನಲ್ಲಿ ನಸುಗೆಂಪು ಬಣ್ಣ ಕಂಡರೆ ಹಸಿ ಎಂದು ಹೆದರಬೇಡಿ. ಬೆಂಕಿಯ ಅನಿಲ ಮಾಂಸದ ಬಣ್ಣದೊಂದಿಗೆ ಸೇರಿ ಆದದ್ದು ಅದು, ಒಳಗಿನ ಬಿಸಿ ಸರಿಯಿದ್ದರೆ ತಿನ್ನಬಹುದು.

ನಾಟಿ ಕೋಳಿಯನ್ನು ಇದೇ ರೀತಿ ಮಾಡಲು ಹೋಗಬೇಡಿ. ಓಡಾಡಿ ಬೆಳೆದ ಹಕ್ಕಿ, ಮಾಂಸ ಬಿಗಿ, ಕೊಬ್ಬು ಕಡಿಮೆ. ಒಣ ಕಾವಿನಲ್ಲಿ ತೊಗಲಿನ ಚಪ್ಪಲಿಯಂತಾಗುತ್ತದೆ. ಹಲವು ಸಲ ಕೆಡಿಸಿದ ಮೇಲೆ ನಾನು ಕಂಡುಕೊಂಡ ದಾರಿ: ಉಪ್ಪು, ಅರಿಶಿನ ಸವರಿ ದೊಡ್ಡ ತುಂಡುಗಳಾಗಿ 110 ಡಿಗ್ರಿಯಲ್ಲಿ ಒಂದು ಗಂಟೆ ಸೀಬೆ ಸೌದೆಯ ಹೊಗೆ ಕೊಟ್ಟು, ತಡಮಾಡದೆ ಕುಕ್ಕರ್‌ಗೆ ಹಾಕಿ ಸಾರು ಮಾಡುವುದು. ಹುರಿದ ಸಾಂಬಾರ್ ಈರುಳ್ಳಿ, ಕೊಬ್ಬರಿ, ಗಸಗಸೆಯ ಖಾರದೊಳಗೆ ಆ ಹೊಗೆ ಇಳಿದಾಗ ಮುದ್ದೆಯ ತಟ್ಟೆಯಲ್ಲಿ ಹಳೆಯ ಸೌದೆ ಒಲೆಯ ನೆನಪು ಬರುತ್ತದೆ. ಹೊಗೆ ಕೊಟ್ಟ ಅರೆಬೆಂದ ಕೋಳಿಯನ್ನು ಮಾತ್ರ ಹೊರಗೆ ಇಟ್ಟು ಮರೆಯಬೇಡಿ.

ಒಂದೂವರೆ ಕಿಲೋದ ಆಡಿನ ತೊಡೆಗೆ ಹಿಂದಿನ ರಾತ್ರಿಯೇ ಉಪ್ಪು ಹಚ್ಚಿ ಫ್ರಿಜ್‌ನಲ್ಲಿಡಿ. 120 ಡಿಗ್ರಿಯಲ್ಲಿ ಎರಡು ಗಂಟೆ ಹೊಗೆ, ಆಮೇಲೆ ಬಾಡಿಸಿದ ಬಾಳೆ ಎಲೆಯಲ್ಲಿ ಬಿಗಿಯಾಗಿ ಸುತ್ತಿ ಇನ್ನೆರಡು ಮೂರು ಗಂಟೆ. ಒಳಗೆ 90 ಡಿಗ್ರಿ ದಾಟಿದಾಗ ಮೂಳೆ ಬಿಡುತ್ತದೆ. ಇದಕ್ಕೆ ಉಂಡೆಯ ಸಾಲನ್ನು ಉದ್ದ ಮಾಡಿಕೊಳ್ಳಿ.

ಮಾಂಸ ತಿನ್ನದ ಮನೆಗಳಿಗೂ ಇದು ಸಲ್ಲುತ್ತದೆ. ಬದನೆಕಾಯಿ, ಪನೀರ್, ಸಿಪ್ಪೆ ಬಿಡಿಸದ ಸಾಂಬಾರ್ ಈರುಳ್ಳಿ ಮುಕ್ಕಾಲು ಗಂಟೆಯೊಳಗೆ ಆಗುತ್ತವೆ. ಆ ಬದನೆಕಾಯಿಯ ಗೊಜ್ಜು ಮಾಡಿ ನೋಡಿ.

ಹೆಚ್ಚು ಜನ ತಪ್ಪುವುದು ಇಲ್ಲಿ

ಮತ್ತೆ ಮತ್ತೆ ಮುಚ್ಚಳ ತೆರೆದು ನೋಡುವುದು. ಪ್ರತಿ ಸಲವೂ ಕಾವು ಓಡಿಹೋಗುತ್ತದೆ, ಒಳನುಗ್ಗಿದ ಗಾಳಿಗೆ ಕೆಂಡ ಕೆರಳುತ್ತದೆ.

ಹೊಗೆ ಕಡಿಮೆಯಾಯಿತೆಂದು ಸೌದೆ ಹೇರುತ್ತಲೇ ಇರುವುದು. ಮಾಂಸ ಹೊಗೆಯನ್ನು ಚೆನ್ನಾಗಿ ಹಿಡಿಯುವುದು ಮೇಲ್ಮೈ ತಣ್ಣಗೆ, ಒದ್ದೆಯಾಗಿರುವ ಮೊದಲ ಹೊತ್ತಿನಲ್ಲಿ. ಆಮೇಲೆ ಹಾಕಿದ್ದು ಕಹಿಯಾಗಿ ಕೂರುತ್ತದೆ.

ಹೊಗೆ ಒಳಗೇ ಉಳಿಯಲಿ ಎಂದು ಮೇಲಿನ ಕಿಂಡಿ ಮುಚ್ಚುವುದು. ನಿಂತ ಹೊಗೆ ಮಸಿಯಾಗಿ ಮಾಂಸದ ಮೇಲಿಳಿಯುತ್ತದೆ.

ಆಷಾಢದ ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು. ಗುಂಡ್ಲುಪೇಟೆಯ ಬಯಲಲ್ಲಿ ಆಗ ಬೀಸುವ ಗಾಳಿ ಕೆಳಗಿನ ಕಿಂಡಿಗೆ ನೇರ ಹೊಕ್ಕರೆ ಅರ್ಧ ಗಂಟೆಯಲ್ಲಿ ಕಾವು 180 ದಾಟಬಹುದು. ಗ್ರಿಲ್ ತಿರುಗಿಸಿ ಕಿಂಡಿಯನ್ನು ಗಾಳಿಗೆ ಮರೆಮಾಡಿ, ಗೋಡೆಯ ಆಸರೆ ಸಿಕ್ಕರೆ ಇನ್ನೂ ಒಳ್ಳೆಯದು.

ಎಚ್ಚರ

ಮಾಗಿಯ ಚಳಿಯಲ್ಲಿ ಉಳಿದ ಕೆಂಡವನ್ನು ಕೋಣೆಗೋ ಟೆಂಟಿಗೋ ಒಯ್ಯುವುದನ್ನು ಕಂಡಿದ್ದೇನೆ. ಇದ್ದಿಲಿಗೆ ಹೊಗೆ ಇಲ್ಲ ನಿಜ, ಆದರೆ ಅದು ಉಗುಳುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಏಳುವುದೇ ಇಲ್ಲ. ಕಿಟಕಿ ತೆರೆದಿದೆ ಎಂಬ ಧೈರ್ಯವೂ ಬೇಡ, ಗ್ರಿಲ್ ಹೊರಗೇ ಇರಲಿ, ಆರುವ ತನಕವೂ ಹೊರಗೇ.

ಫೆಬ್ರವರಿಯಿಂದ ಮಳೆ ಬೀಳುವ ತನಕ ನಮ್ಮದು ಒಣ ಸೀಮೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಎದ್ದ ಬೆಂಕಿ ಸಾವಿರಾರು ಹೆಕ್ಟೇರ್ ಕಾಡನ್ನು ಸುಟ್ಟದ್ದನ್ನು ಈ ಕಡೆಯವರು ಮರೆತಿಲ್ಲ. ಆ ತಿಂಗಳುಗಳಲ್ಲಿ ಕಾಡಂಚಿನ ಜಮೀನಿನಲ್ಲಿ ಬೆಂಕಿ ಹಾಕಲೇಬೇಡಿ. ಊರೊಳಗಾದರೂ ಹುಲ್ಲಿನ ಮೆದೆಯಿಂದ, ಸೋಗೆ ಚಪ್ಪರದಿಂದ ದೂರ, ನೆಲ ಕೆರೆದು ನೀರು ಚಿಮುಕಿಸಿದ ಜಾಗದಲ್ಲಿ, ಎರಡು ಬಿಂದಿಗೆ ನೀರು ಪಕ್ಕದಲ್ಲಿಟ್ಟುಕೊಂಡೇ ಹತ್ತಿಸಿ. ಬೂದಿಯೊಳಗಿನ ಕೆಂಡ ಮಾರನೆಯ ದಿನದವರೆಗೂ ಬದುಕಿರಬಲ್ಲದು. ತಿಪ್ಪೆಗೆ ಸುರಿಯುವ ಮುನ್ನ ನೀರು ಹಾಕಿ ಕಲಸಿ, ಕೈಯಿಟ್ಟು ನೋಡುವಷ್ಟು ತಣ್ಣಗಾಗಿರಲಿ. ಉಂಡೆಯಲ್ಲಿ ಏನೇನು ಬೆರೆಸಿದ್ದಾರೆಂದು ಗೊತ್ತಿಲ್ಲದಿದ್ದರೆ ಆ ಬೂದಿಯನ್ನು ಗಿಡಗಳಿಗೂ ಹಾಕಬೇಡಿ, ಪಾತ್ರೆಯನ್ನೂ ತಿಕ್ಕಬೇಡಿ.

ಅಡುಗೆ ಮುಗಿದ ಮೇಲೆ ಎರಡೂ ಕಿಂಡಿ ಮುಚ್ಚಿದರೆ ಉಂಡೆಗಳು ಗಾಳಿಯಿಲ್ಲದೆ ಆರುತ್ತವೆ. ಮಾರನೆಯ ದಿನ ಅವುಗಳನ್ನು ಅಲ್ಲಾಡಿಸಿ ಬೂದಿ ಉದುರಿಸಿ, ಮುಚ್ಚಳ ಬಿಗಿಯಾದ ತಗಡಿನ ಡಬ್ಬಕ್ಕೆ ಹಾಕಿಡಿ. ಅಕ್ಟೋಬರ್ ಮಳೆಯ ತೇವ ತಾಗಿದ ಉಂಡೆ ಪುಡಿಯಾಗುತ್ತದೆ. ಮುಂದಿನ ಸಲ ಈ ಅರೆ ಉರಿದ ಉಂಡೆಗಳನ್ನೇ ಎಣ್ಣೆ ಡಬ್ಬದ ತಳಕ್ಕೆ ಹಾಕಿ. ಹೊಸವಕ್ಕಿಂತ ಅವು ಬೇಗ ಹತ್ತುತ್ತವೆ.